ಬೆಂಕಿಪೊಟ್ಟಣದಲ್ಲಿ ನಾಲ್ಕು ವಾಷರು

ಕೂತುಕೋ ಮಗಳೇ. ಆ ಸ್ಟೂಲು ಬೇಡ, ಕಾಲು ಮುರಿದಿದೆ.
ಯಂತ್ರ ಶುರುವಾಯಿತೇ? ಕೆಂಪು ದೀಪ ಬಂತೇ?
ಅವ್ಲಾಬಾರಿಯ ಇತಿಹಾಸ ಬೇಕು ಅಂದೆ.
ಅದು ಹೊಳೆಯ ಮೇಲಿನ ಬಂಡೆಯ ಹತ್ತಿರ ಇರಬಹುದು,
ಟಿಬಿಲಿಸಿಗೆ ಬಂದವರೆಲ್ಲ ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.
ನಮ್ಮ ಅಂಗಳದಲ್ಲಿ ಇದ್ದದ್ದು ಒಂದು ನಲ್ಲಿ.

ಹದಿನಾಲ್ಕು ಮನೆ, ಸುತ್ತ ಮರದ ಜಗಲಿ,
ನಡುವೆ ಹಿಪ್ಪುನೇರಳೆ, ಅದರ ಬುಡಕ್ಕೆ ನಲ್ಲಿ.
ಬಕೆಟ್ಟು ನಿಂತರೆ ಮನುಷ್ಯ ನಿಂತ ಹಾಗೆ.
ಬೈಗುಳ ಅರ್ಮೇನಿಯನ್ನಿನಲ್ಲಿ, ಆಣೆ ಜಾರ್ಜಿಯನ್ನಿನಲ್ಲಿ,
ಎಷ್ಟು ಬಕೆಟ್ಟಾಯಿತು ಎಂಬ ಲೆಕ್ಕ ರಷ್ಯನ್ನಿನಲ್ಲಿ.
ಸಂಜೆಗೆ ಮೊಸರಿನವನು ಕೂಗಿದರೆ
ಜಗಳವಾಡಿದವರ ಬುಟ್ಟಿಗಳು ಒಂದೇ ಹಗ್ಗದಲ್ಲಿ ಇಳಿಯುತ್ತಿದ್ದವು.

ನಗಬೇಡ. ಈ ಬೆಂಕಿಪೊಟ್ಟಣ ತೆಗೆ.
ನಲ್ಲಿ ಸೋರಿದಾಗ ಬದಲಿಸಿದ ವಾಷರುಗಳು, ನನ್ನ ಅಮ್ಮ ಕೂಡಿಟ್ಟದ್ದು,
ಆಮೇಲೆ ನಾನು.

ಈ ಕಪ್ಪು ಚರ್ಮದ್ದು ಅಪ್ಪನ ಕೈಕೆಲಸ.
ಮ್ಮಾಯಕ್, ಮೂಲೆಯ ಚಮ್ಮಾರ. ಬೂಟಿನ ನಾಲಗೆ ಕತ್ತರಿಸಿ ಮಾಡಿದ.
ಹೊಲಿಗೆಗೆ ಬೂಟು ಕೊಟ್ಟವರು ತಿರುಗಿ ಬರಲಿಲ್ಲ.
ಯಾಕೆ ಅಂತ ಆ ವರ್ಷ ಯಾರೂ ಕೇಳುತ್ತಿರಲಿಲ್ಲವಂತೆ.
ವರ್ಷ ಕಾದ ಅಪ್ಪ. ಆಮೇಲೆ ಕತ್ತರಿ ಹಾಕಿದ,
ಅವತ್ತು ಊಟ ಮಾಡಲಿಲ್ಲ.

ಈ ರಬ್ಬರು ವಾಲಿಕೊನದು. ಯುದ್ಧದಿಂದ ಒಂದೇ ಕೈ ತಂದಿದ್ದ,
ವಿಷಗಾಳಿ ಮುಖವಾಡದ ಕೊಳವೆಯನ್ನೂ ತಂದಿದ್ದ.
ಪಾನ ಅವನು ಹಿಡಿದ, ನಟ್ಟು ಲುಕೇರ್ಯ ಹಿಡಿದಳು,
ನೆತ್ತಿಯಿಂದ ಹಿಮ್ಮಡಿವರೆಗೆ ತೊಯ್ದರು ಇಬ್ಬರೂ.
ಮೊಲೊಕಾನರ ಹುಡುಗಿ, ಹನಿ ಹೆಂಡ ಮುಟ್ಟದ ಮನೆ;
ಇವನದು ದ್ರಾಕ್ಷಾರಸವಿಲ್ಲದೆ ತುತ್ತು ಇಳಿಯದ ಮನೆ.
ಮದುವೆಯಲ್ಲಿ ಎರಡು ಮೇಜು ಹಾಕಿದೆವು. ಚಹಾ ಕುಡಿ, ಆರುತ್ತಿದೆ.

ಮೂರನೆಯದು ಸೈಕಲ್ ಟ್ಯೂಬಿನದು.
ಗುಲೀಜಾರಳ ಮಗ ಹಾಕಿದ್ದು.
ಅವರು ಯಜೀದಿಗಳು, ಬೀದಿ ಗುಡಿಸುವವರು, ನೆಲಮಾಳಿಗೆಯ ಮನೆ.
ಅವರ ಬಕೆಟ್ಟು ಯಾವಾಗಲೂ ಸಾಲಿನ ಕೊನೆಗೆ.
ಹಾಗೆ ಇಡು ಅಂತ ಯಾರೂ ಹೇಳಿರಲಿಲ್ಲ.
ಒಂದು ದಿನ ಮುಂದೆ ಬಂದಿತ್ತು,
ನಾನೇ ಕಾಲಲ್ಲಿ ಹಿಂದಕ್ಕೆ ತಳ್ಳಿದೆ.
ಅವಳು ನೋಡಿದಳು. ಏನೂ ಅನ್ನಲಿಲ್ಲ.
ಇದನ್ನೂ ಇಟ್ಟುಕೋ, ಅಳಿಸಬೇಡ.

ಆಮೇಲೆ ಆ ಚಳಿಗಾಲಗಳು ಬಂದವು. ನೀನು ಹುಟ್ಟಿರಲಿಲ್ಲ.
ದೇಶ ಒಡೆಯಿತು, ದೀಪ ಆರಿತು,
ಮೆಟ್ರೊದ ತಂತಿಯಿಂದ ಕದ್ದ ಕರೆಂಟಿನಲ್ಲಿ
ಒಂದು ಬಲ್ಬು ಮೂರು ಮನೆಗೆ.
ಹಿಪ್ಪುನೇರಳೆಯನ್ನು ಕಡಿದದ್ದು ನಾವೇ.
ಹದಿನಾಲ್ಕು ಪಾಲು ಮಾಡಿದೆವು, ಕೊಂಬೆ ಎಣಿಸಿ,
ನೆಲಮಾಳಿಗೆಗೂ ಅಷ್ಟೇ, ತೂಕ ಹಾಕಿ.
ನೀರು ಯಾವಾಗ ಬರುತ್ತದೋ ದೇವರಿಗೂ ತಿಳಿಯದು,
ಗುಲೀಜಾರಳಿಗೆ ತಿಳಿಯುತ್ತಿತ್ತು,
ನಡುರಾತ್ರಿ ಪೊರಕೆ ಹಿಡಿದು ಹೊರಟವಳು ಅವಳೊಬ್ಬಳೇ.
ಮೂರು ಗಂಟೆಗೆ ಕೊಳವೆ ಕೆಮ್ಮುವುದನ್ನು ಕೇಳಿ
ಪೊರಕೆಯ ಹಿಡಿಯಿಂದ ಒಂದೊಂದೇ ಬಾಗಿಲು ತಟ್ಟುತ್ತಿದ್ದಳು:
ಅರುಸ್ಯಾಕ್, ಏಳು. ನೀರು.
ಮೊದಲು ನನ್ನ ಬಾಗಿಲು. ಯಾಕೋ ಮೊದಲು ನನ್ನದೇ.

ನಾಲ್ಕನೆಯದು ಅಂಗಡಿಯ ಪ್ಲಾಸ್ಟಿಕ್ಕು.
ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ.

ಹೋದರು. ರೊಸ್ತೋವಿಗೆ, ಹೈಫಾಕ್ಕೆ,
ವಾಲಿಕೊ ಮಣ್ಣಿಗೆ, ಲುಕೇರ್ಯ ಮಗಳ ಮನೆಗೆ.
ಗುಲೀಜಾರ್ ಜರ್ಮನಿಯಲ್ಲಿದ್ದಾಳೆ ಅನ್ನುತ್ತಾರೆ, ವಿಳಾಸ ಯಾರ ಹತ್ತಿರವೂ ಇಲ್ಲ.
ಕೆಳಗೆ ಈಗ ಹಾಸ್ಟೆಲು. ನಲ್ಲಿಗೆ ನೀಲಿ ಬಣ್ಣ ಬಳಿದಿದ್ದಾರೆ,
ತಿರುಗಿಸಿದರೆ ತಿರುಗುತ್ತದೆ. ಕೊಳವೆ ಇಲ್ಲ.

ಇಸವಿ ಕೇಳಬೇಡ, ನನಗೆ ಗೊತ್ತಿರುವುದು ಗಂಟೆ ಮಾತ್ರ.
ಈಗಲೂ ಮೂರಕ್ಕೆ ಎಚ್ಚರವಾಗುತ್ತದೆ.
ಎದ್ದು ಅಡುಗೆಮನೆಯ ನಲ್ಲಿ ತಿರುಗಿಸುತ್ತೇನೆ.
ಬರುತ್ತದೆ. ಈಗ ಎಲ್ಲ ಹೊತ್ತೂ ಬರುತ್ತದೆ.
ಕತ್ತಲಲ್ಲಿ ಅದನ್ನು ಕೇಳುತ್ತಾ ನಿಲ್ಲುತ್ತೇನೆ,
ಕೈಯಲ್ಲಿ ಪೊರಕೆ ಇದ್ದಿದ್ದರೂ
ಯಾರ ಬಾಗಿಲು ತಟ್ಟಲಿ?